ತೆರಿಗೆ ರಸೀದಿ ಇದ್ದರೂ ಮನೆ ಕಟ್ಟಲು ಪರವಾನಗಿ ಬೇಕೇ?

ಪ್ರಶ್ನೆ: ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನಮ್ಮದೊಂದು ಪ್ಲಾಟ್ ಇದೆ. ಖಾತೆ ನಮ್ಮ ಹೆಸರಿಗಿದೆ, ವರ್ಷ ತಪ್ಪದೆ ತೆರಿಗೆ ಕಟ್ಟಿದ್ದೇವೆ. ಆದರೂ ಮನೆ ಕಟ್ಟಲು ಬೇರೆ ಪರವಾನಗಿ ಬೇಕೇ?

ಬೇಕು. ಪಾಯ ತೋಡುವ ಮೊದಲೇ ಬೇಕು. ಬಳ್ಳಾರಿಯವರು ಕೇಳಿದಾಗಲೂ ಸಿಂಧನೂರಿನವರು ಕೇಳಿದಾಗಲೂ ಇದನ್ನೇ ಬರೆದಿದ್ದೇನೆ. ಆದರೂ ಗೌಂಡಿಗೆ ಮುಂಗಡ ಕೊಟ್ಟ ಮೇಲೆಯೇ ಹೆಚ್ಚಿನವರು ಕೇಳುತ್ತಾರೆ.

ತೆರಿಗೆ ರಸೀದಿಯೇ ಅನುಮತಿ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಸಂತೆಯಲ್ಲಿ ನೆಲದ ಸುಂಕ ಕೊಟ್ಟವನಿಗೆ ಸಂತೆಯ ಜಾಗ ಸ್ವಂತವಾಗುತ್ತದೆಯೇ? ಅನಧಿಕೃತವಾಗಿ ಕಟ್ಟಿದ ಕಟ್ಟಡಕ್ಕೂ ತೆರಿಗೆ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಖಾತೆಯೂ ಅಷ್ಟೇ. ತೆರಿಗೆ ಯಾರು ಕಟ್ಟಬೇಕು ಎಂಬುದನ್ನು ಅದು ತಿಳಿಸುತ್ತದೆ. ಖಾತೆ, ಮುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ)ಗಳಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಇನ್ನು ಮನೆ ಕಟ್ಟುವ ಅನುಮತಿ ಅದರಿಂದ ಹೇಗೆ ಹುಟ್ಟೀತು?

ಖಾತೆಗಿಂತ ಹಿಂದಕ್ಕೆ ಹೋಗಿ ನೋಡಿ. ಜಮೀನು ಹೊಲವಾಗಿತ್ತೇ? ಹಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಭೂಪರಿವರ್ತನೆ, ಅಂದರೆ ಎನ್‌ಎ, ಆಗಿದೆಯೇ? ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ? ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಪ್ಲಾಟ್‌ಗಳು ಸಿಕ್ಕಿಬೀಳುವುದು ಇಲ್ಲಿಯೇ. ನೋಂದಣಿಯಾದ ಕ್ರಯಪತ್ರ ಕೈಯಲ್ಲಿರುತ್ತದೆ, ಪರವಾನಗಿ ಮಾತ್ರ ಸಿಗುವುದಿಲ್ಲ.

‘ನಮ್ಮದು ಹಳ್ಳಿ, ನಮಗೆ ಇದೆಲ್ಲ ಇಲ್ಲ’ ಎನ್ನುವವರೂ ಇದ್ದಾರೆ. ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಪಂಚಾಯಿತಿಯ ಆಸ್ತಿ ದಾಖಲೆಯಾದ ನಮೂನೆ 11ಬಿ ಹಿಡಿದು ಬಂದು ‘ಎಲ್ಲ ಸರಿ ಇದೆ’ ಎನ್ನಬೇಡಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವುದೇ 11ಬಿ. ಕ್ರಮಬದ್ಧ ಆಸ್ತಿಗೆ ಇರುವುದು 9 ಮತ್ತು 11ಎ.

ಮಿಕ್ಕಿದ್ದು ಸುಲಭ. ನೋಂದಾಯಿತ ಎಂಜಿನಿಯರ್‌ರಿಂದ ನಕ್ಷೆ ಮಾಡಿಸಿ, ಕ್ರಯಪತ್ರ, ಖಾತೆ, ತೆರಿಗೆ ರಸೀದಿ ಜೊತೆಗಿಟ್ಟು ಅರ್ಜಿ ಹಾಕಿ. ರಸೀದಿಯ ಕೆಲಸ ಇಷ್ಟೇ. ಸುತ್ತ ಬಿಡಬೇಕಾದ ಜಾಗ ನಿವೇಶನದ ಅಳತೆಗೆ ತಕ್ಕಂತೆ ಬದಲಾಗುತ್ತದೆ, ಪಕ್ಕದ ಮನೆಯನ್ನು ನೋಡಿ ಅಳೆಯಬೇಡಿ. ಸ್ವಂತ ವಾಸದ ಮನೆಯ ನಿರ್ಮಾಣ ವೆಚ್ಚ ಕಾನೂನಿನಲ್ಲಿ ಹೇಳಿದ ಮಿತಿಯನ್ನು ದಾಟಿದರೆ ಕಾರ್ಮಿಕ ಸೆಸ್ ಇರುತ್ತದೆ. ಅದು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುವ ಹಣ, ಗೊಣಗದೆ ಕಟ್ಟಿ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ಸ್ಮಾರಕಗಳು ಮನೆಗಳ ನಡುವೆಯೇ ಇವೆ. ಇಟಗಿಯ ಮಹಾದೇವ ದೇವಾಲಯ, ಮಸ್ಕಿಯ ಅಶೋಕನ ಶಾಸನದಂತಹ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆಗೆ ಅವಕಾಶವಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಲು ಪ್ರತ್ಯೇಕ ಅನುಮತಿ ಬೇಕು. ಆನೆಗೊಂದಿಯಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಆ 100 ಮೀಟರ್ ಒಳಗೆ ಅಜ್ಜನ ಕಾಲದ ಮನೆ ಇದ್ದರೆ, ಸೋರುವ ಮಾಳಿಗೆಯ ದುರಸ್ತಿಗೂ ಮೊದಲು ಅರ್ಜಿ ಕೊಡಿ.