ಓದುಗರ ಪ್ರಶ್ನೆ: ಹಳೆಯ ಲೇತಿಗೆ ಯಾವ ಕಾಲೆಟ್ ಹಾಕಿಸಬೇಕು?

ಪ್ರಶ್ನೆ: "ಕಪನೂರ ಕಡೆ ನಮ್ದೊಂದು ಸಣ್ಣ ವರ್ಕ್‌ಶಾಪ್ ಅದರಿ. ಅಪ್ಪನ ಕಾಲದ ಬೆಲ್ಟ್ ಲೇತು, ಜಾಬ್ ಹಿಡಿಯೋ ಚಕ್ ಥ್ರೆಡ್ ಮ್ಯಾಲ ಕೂಡ್ತದ. ದಾಲ್ ಮಿಲ್ಲಿನ ಪಿನ್ನು, ಬುಶ್ಶು ಒಂದೇ ಅಳತೀವು ಐವತ್ತು ನೂರು ಬರ್ತಾವ. ಒಂದು ಬಾಜು ಮುಗಿಸಿ ತಿರುವಿ ಹಿಡದ್ರ ಮೂರು ಜಾ (ಹಿಡಿತದ ಹಲ್ಲು) ಚಕ್ಕಿನಾಗ ನಡು ತಪ್ಪಿ ಔಟ್ ಹೊಡಿತದ, ಹಿತ್ತಾಳಿ ಮ್ಯಾಲ ಜಾ ಗುರುತು ಬೀಳ್ತದ. ಒಬ್ಬರು 5ಸಿ ಅಂತಾರ, ಒಬ್ಬರು ಇಆರ್ ಅಂತಾರ. ಯಾವುದು ತಗೋಬೇಕ್ರಿ?" (ಕಲಬುರಗಿಯ ಓದುಗರು)

ಉತ್ತರ: ಕಾಲೆಟ್ ಎಂದರೆ ಜಾಬನ್ನು (ತಿರುಗಿಸುವ ತುಂಡನ್ನು) ಸುತ್ತಲೂ ಸಮವಾಗಿ ಅಮುಕಿ ಹಿಡಿಯುವ, ಸೀಳಿರುವ ಕೊಳವೆ; 5ಸಿ, ಇಆರ್ ಅದರ ಎರಡು ಜಾತಿ. ನಿಮ್ಮಂಥ ಲೇತಿಗೆ, ನಿಮ್ಮಂಥ ಕೆಲಸಕ್ಕೆ ನನ್ನ ಮತ ಇಆರ್ 40ರ (ಇಆರ್‌ನ ಒಂದು ಗಾತ್ರ) ಕಡೆಗೆ. ಅದೂ ಹಿಂದಿನಿಂದ ಡ್ರಾಬಾರ್ (ಬಿಗಿಯುವ ಉದ್ದ ಸರಳು) ಎಳೆದು ಕೂರಿಸುವುದಲ್ಲ, ಬ್ಯಾಕ್ ಪ್ಲೇಟ್ (ಲೇತಿಗೂ ಚಕ್ಕಿಗೂ ನಡುವೆ ಕೂರುವ ತಟ್ಟೆ) ಮೇಲೆ ಬೋಲ್ಟ್ ಹಾಕಿ ಕೂರಿಸುವ, ನಡುವೆ ಆರಪಾರ ತೂತಿರುವ ಚಕ್. ಆದರೆ ಅಂಗಡಿಗೆ ಹೋಗುವ ಮೊದಲು ಲೇತಿನ ಸ್ಪಿಂಡಲನ್ನು (ಚಕ್ ಹೊತ್ತು ತಿರುಗುವ ದಂಡವನ್ನು) ಒಮ್ಮೆ ನೋಡಿಬಿಡಿ. ಕಾಲೆಟ್ ಎಷ್ಟೇ ದುಬಾರಿಯದಿದ್ದರೂ ತಾನು ಕುಳಿತ ಸ್ಪಿಂಡಲಿಗಿಂತ ನೆಟ್ಟಗೆ ತಿರುಗಲಾರದು.

ಚಕ್ ಬಿಚ್ಚಿ ಪಕ್ಕಕ್ಕಿಡಿ. ಸ್ಪಿಂಡಲ್ ಬಾಯಿಯ ಒಳಗಿನ ಟೇಪರನ್ನು (ಓರೆ ಗೋಡೆಯನ್ನು) ಬಟ್ಟೆಯಿಂದ ಚೊಕ್ಕ ಮಾಡಿ, 0.01 ಮಿ.ಮೀ. ಡಯಲ್ (ಅಲುಗಾಟ ಅಳೆಯುವ ಮುಳ್ಳಿನ ಗೇಜು) ಮುಟ್ಟಿಸಿ ಕೈಯಿಂದ ತಿರುಗಿಸಿ. ಥ್ರೆಡ್ಡಿನ ಹಿಂದಿರುವ ನುಣುಪಾದ ಭಾಗಕ್ಕೂ, ಚಕ್ ಒತ್ತಿ ಕೂರುವ ಭುಜಕ್ಕೂ ಹಾಗೆಯೇ ಮಾಡಿ. ಮುಳ್ಳು ಒಂದೆರಡು ಗೆರೆಯಷ್ಟೇ ಅಲುಗಿದರೆ ನಿಮ್ಮ ಸ್ಪಿಂಡಲ್ ಚೆನ್ನಾಗಿದೆ, ತಪ್ಪು ಚಕ್ಕಿನ ಸ್ಕ್ರೋಲಿನದು (ಮೂರೂ ಜಾ ಸರಿಸುವ ಸುರುಳಿ). ಸ್ಪಿಂಡಲಿನ ಮೂಗಿನ (ಚಕ್ ಕೂರುವ ತುದಿಯ) ಹತ್ತಿರ ಒಂದು ಸರಳು ಹಿಡಿದು ಮೇಲಕ್ಕೆತ್ತಿದಾಗ ಡಯಲ್ 0.05 ತೋರಿಸಿದರೆ ಮಾತ್ರ ಮೊದಲು ಬೇರಿಂಗ್ ಬಿಗಿ ಮಾಡಬೇಕು. ಹಳೆಯ ಲೇತುಗಳಲ್ಲಿ ಇರುವುದು ಹೆಚ್ಚಾಗಿ ಕಂಚಿನ ಅಥವಾ ಬಿಳಿ ಲೋಹದ ಬುಶ್ ಬೇರಿಂಗು. ಇದನ್ನು ತಣ್ಣಗಿದ್ದಾಗ ಬಿಗಿ ಮಾಡಬೇಡಿ. ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಹೊಂದಿಸಿ. ನಮ್ಮ ಬೇಸಿಗೆಯಲ್ಲಿ, ತಗಡಿನ ಶೆಡ್ಡಿನಡಿ, ಬೆಳಿಗ್ಗೆ ಬಿಗಿ ಮಾಡಿದ ಬೇರಿಂಗ್ ಮಧ್ಯಾಹ್ನಕ್ಕೆ ಹಿಡಿದುಕೊಳ್ಳುವ ಅಪಾಯ ಇದೆ.

ಇನ್ನೆರಡು ಅಳತೆ ಬರೆದಿಟ್ಟುಕೊಳ್ಳಿ: ಸ್ಪಿಂಡಲಿನ ಆರಪಾರ ತೂತು ಎಷ್ಟು, ಮೂಗಿನ ಥ್ರೆಡ್ ಯಾವುದು. ಹಳೆಯ ಬೆಲ್ಟ್ ಲೇತುಗಳಲ್ಲಿ ಇದು ಸಾಮಾನ್ಯವಾಗಿ ಇಂಚಿನ ಥ್ರೆಡ್. ಹರಿಹರದ ಮೈಸೂರು ಕಿರ್ಲೋಸ್ಕರ್ ಅಥವಾ ಬೆಂಗಳೂರಿನ ಎಚ್‌ಎಂಟಿಯ ದೊಡ್ಡ ಲೇತು ಯಾರ ಬಳಿಯಾದರೂ ಇದ್ದರೆ ಮೂಗು ಬೇರೆ ಥರ ಇರಬಹುದು. ಕ್ಯಾಮ್‌ಲಾಕ್ (ಥ್ರೆಡ್ ಇಲ್ಲದೆ, ಗೂಟ ತಿರುವಿ ಬಿಗಿಯುವ ಮೂಗು) ಇದ್ದವರಿಗೆ ಬ್ಯಾಕ್ ಪ್ಲೇಟ್ ತಯಾರೇ ಸಿಗುತ್ತದೆ, ಅವರ ಕೆಲಸ ಅರ್ಧ ಕಡಿಮೆ.

ಈಗ 5ಸಿ ವಿಷಯ. ಅಮೆರಿಕದ ಹಾರ್ಡಿಂಜ್ ಕಂಪನಿ ತಂದ ಕಾಲೆಟ್ ಇದು, ನೂರು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿದೆ. ಅತ್ಯುತ್ತಮ ವಸ್ತು, ಅದರಲ್ಲಿ ಎರಡು ಮಾತಿಲ್ಲ. ದುಂಡನೆಯದಷ್ಟೇ ಅಲ್ಲ, ಚೌಕ ಮತ್ತು ಆರು ಮೂಲೆಯ ಸರಳಿಗೂ ಸಿಗುತ್ತದೆ. ಮೆತ್ತನೆ ಬಾಯಿಯ ಕಾಲೆಟ್ ತಂದು ನಿಮ್ಮ ಲೇತಿನಲ್ಲೇ ಬೇಕಾದ ಅಳತೆಗೆ ಬೋರ್ ಮಾಡಿಕೊಳ್ಳಬಹುದು. ಗಿಡ್ಡ ಜಾಬನ್ನೂ ಚೆನ್ನಾಗಿ ಹಿಡಿಯುತ್ತದೆ. ತೊಂದರೆ ಎಂದರೆ ಪ್ರತಿ ಕಾಲೆಟ್ ತನ್ನ ಅಳತೆಯ ಆಸುಪಾಸಿನಲ್ಲಿ ಮಾತ್ರ ಸರಿ ಹಿಡಿಯುತ್ತದೆ, ಹೆಚ್ಚೆಂದರೆ ಕೂದಲೆಳೆಯಷ್ಟು ಆಚೀಚೆ. 20ರ ಕಾಲೆಟ್ಟಿಗೆ 19.5ರ ಜಾಬ್ ಕೊಟ್ಟರೆ ಅದು ತುದಿಯಲ್ಲೋ ಬುಡದಲ್ಲೋ ಮಾತ್ರ ಕಚ್ಚುತ್ತದೆ, ಆಗ ಮೂರು ಜಾ ಚಕ್ಕೇ ವಾಸಿ.

ನಮ್ಮ ಭಾಗದಲ್ಲಿ ಇದು ದೊಡ್ಡ ಪ್ರಶ್ನೆ, ಯಾಕೆಂದರೆ ಅದು ಸರಳಿನ ಪ್ರಶ್ನೆ. ನೀವು ತರುವುದು ಬ್ರೈಟ್ ಬಾರೋ (ತಣ್ಣಗೆ ಎಳೆದು ಅಳತೆಗೆ ತಂದ ನುಣುಪು ಸರಳು) ಕಪ್ಪು ರಾಡೋ? ಬಿಸಿಯಲ್ಲಿ ರೋಲ್ ಮಾಡಿದ ಕಪ್ಪು ರಾಡಿಗೆ 20 ಎಂದು ಹೆಸರಿದ್ದರೂ ವರ್ನಿಯರ್ ಇಟ್ಟರೆ ಒಂದು ಕಡೆ 20.3, ಇನ್ನೊಂದು ಕಡೆ 19.8 ಬಂದರೆ ಆಶ್ಚರ್ಯ ಇಲ್ಲ. ಮೇಲೆ ಸ್ಕೇಲ್ (ಸುಟ್ಟ ಕಬ್ಬಿಣದ ಹೊಪ್ಪಳೆ) ಬೇರೆ. ಅದನ್ನು 5ಸಿಗೆ ತುರುಕಿದರೆ ಕಾಲೆಟ್ ಹಾಳು. ಕಪ್ಪು ರಾಡನ್ನು ಮೊದಲು ಮೂರು ಜಾ ಚಕ್ಕಿನಲ್ಲಿ ಹಿಡಿದು ಒಂದು ಬಾಜು ಟರ್ನ್ ಮಾಡಿ, ಆ ಟರ್ನ್ ಆದ ಭಾಗವನ್ನು ಮಾತ್ರ ಕಾಲೆಟ್ಟಿಗೆ ಕೊಡಬೇಕು. ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಬ್ರೈಟ್ ಬಾರ್ ತರಿಸುವವರಾದರೆ 5ಸಿ ಬಗ್ಗೆ ಧೈರ್ಯವಾಗಿ ಯೋಚಿಸಬಹುದು.

5ಸಿಯನ್ನು ಸ್ಪಿಂಡಲಿನೊಳಗೇ ಕೂರಿಸಿ ಹಿಂದಿನಿಂದ ಪೈಪಿನಲ್ಲಿ ಎಳೆಯಬೇಕಾದರೆ ತೂತು ದೊಡ್ಡದಿರಬೇಕು. ಕಾಲೆಟ್ಟಿನ ಮೈಯೇ 31.75 ಮಿ.ಮೀ., ಅದರ ಮೇಲೆ ಎಳೆಯುವ ಪೈಪಿನ ದಪ್ಪ. ಹಾಗಾಗಿ 35 ಮಿ.ಮೀ. ತೂತಾದರೂ ಬೇಕು. ಅದಿಲ್ಲದವರು ಮುಂದೆ ಕೂರುವ 5ಸಿ ಚಕ್ ತರಬಹುದು, ಕೀಲಿಯಿಂದ ಬಿಗಿಯುವಂಥದು. ಅದು ಭಾರ, ಮೂಗಿನಿಂದ ಮುಂದಕ್ಕೆ ಬಹಳ ಚಾಚುತ್ತದೆ. ಸಣ್ಣ, ಸವೆದ ಲೇತಿಗೆ ಆ ಚಾಚು ಒಳ್ಳೆಯದಲ್ಲ, ಪಾರ್ಟಿಂಗ್ ಮಾಡುವಾಗ (ಜಾಬ್ ಕತ್ತರಿಸಿ ಬೇರ್ಪಡಿಸುವಾಗ) ಟೂಲ್ ನಡುಗುತ್ತದೆ.

ಇಆರ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿಯಲ್ಲಿ, 1970ರ ದಶಕದಲ್ಲಿ. ಮಿಲ್ಲಿಂಗ್ ಕಟ್ಟರ್ ಹಿಡಿಯಲೆಂದು ಮಾಡಿದ್ದು. ಎರಡೂ ಕಡೆಯಿಂದ ಸೀಳಿರುವುದರಿಂದ ಒಂದೊಂದು ಕಾಲೆಟ್ 1 ಮಿ.ಮೀ. ತನಕ ಸಮವಾಗಿ ಕುಗ್ಗುತ್ತದೆ. 20ರದು 20ರಿಂದ 19ರವರೆಗೆ ಏನಿದ್ದರೂ ಹಿಡಿಯುತ್ತದೆ. ಆದ್ದರಿಂದ ಒಂದು ಸೆಟ್ಟಿನಲ್ಲಿ ನಡುವೆ ಖಾಲಿ ಜಾಗವೇ ಇಲ್ಲ. ಇಆರ್ 32ಕ್ಕೆ 20 ಮಿ.ಮೀ. ಕೊನೆ, ಇಆರ್ 40ಕ್ಕೆ 26. ದಾಲ್ ಮಿಲ್ಲಿನ ಪಿನ್ನು 25ರ ತನಕ ಬರುತ್ತದೆಯಾದರೆ 32 ತಗೊಂಡು ಆಮೇಲೆ ಕೈ ಹಿಸುಕಿಕೊಳ್ಳುವುದಕ್ಕಿಂತ 40 ಮೇಲು. ಸ್ಪಿಂಡಲಿನ ತೂತು 26ಕ್ಕಿಂತ ಸಣ್ಣದಿದ್ದರೆ ದಪ್ಪ ಸರಳು ಹಿಂದಕ್ಕೆ ಹೋಗದು, ಆದರೆ ಕತ್ತರಿಸಿದ ತುಂಡುಗಳನ್ನು ಆರಾಮಾಗಿ ಹಿಡಿಯಬಹುದು.

ಇಆರ್‌ಗೂ ದೋಷ ಇವೆ. ಕಾಲೆಟ್ಟಿನ ಉದ್ದದ ಮೂರರಲ್ಲಿ ಎರಡು ಪಾಲಾದರೂ ಜಾಬ್ ತುಂಬಿರಬೇಕು. 8 ಮಿ.ಮೀ. ಉದ್ದದ ವಾಶರಿನಂಥದ್ದನ್ನು ಬಾಯಲ್ಲಿ ಮಾತ್ರ ಹಿಡಿಸಿದರೆ ಹಿಂಬದಿ ಮುಚ್ಚಿಕೊಂಡು ಬಾಯಿ ಅಗಲವಾಗುತ್ತದೆ, ಜಾಬ್ ಓರೆ ಕೂರುತ್ತದೆ. ಅಂಥ ಕಡೆ ಅದೇ ಅಳತೆಯ ಒಂದು ತುಂಡನ್ನು ಹಿಂದಿನಿಂದ ತುಂಬಿಸಿಡಿ. ಆರು ಮೂಲೆ, ಚೌಕದ ಇಆರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇನ್ನೊಂದು ಮಾತನ್ನು ಗೋಡೆ ಮೇಲೆ ಬರೆದು ಹಾಕಿದರೂ ತಪ್ಪಲ್ಲ: ಕಾಲೆಟ್ಟನ್ನು ಮೊದಲು ನಟ್ಟಿನೊಳಗೆ ಓರೆ ಹಿಡಿದು ಟಿಕ್ ಎನ್ನುವಂತೆ ಕೂರಿಸಿ, ಆಮೇಲೆ ಚಕ್ಕಿಗೆ ಹಚ್ಚಿ. ಕಾಲೆಟ್ಟನ್ನು ಟೇಪರಿನಲ್ಲಿಟ್ಟು ಮೇಲಿಂದ ನಟ್ ತಿರುವಿದರೆ ಅದು ನೆಟ್ಟಗೆ ಹಿಡಿಯುವುದೂ ಇಲ್ಲ, ಬಿಚ್ಚುವಾಗ ಹೊರಗೆ ಬರುವುದೂ ಇಲ್ಲ. ಹೊಸ ಹುಡುಗರು ಮಾಡುವ ಮೊದಲ ತಪ್ಪು ಇದೇ.

ಹಿಂಬದಿಗೆ ಮೋರ್ಸ್ ಟೇಪರ್ (ಸ್ಪಿಂಡಲ್ ಬಾಯಿಯಲ್ಲಿ ಕೂರುವ ಓರೆ ದಂಡು), ಮುಂದೆ ಇಆರ್ ತಲೆ ಇರುವ ಅಗ್ಗದ ಹೋಲ್ಡರ್ ಕೂಡ ಸಿಗುತ್ತದೆ. ನೇರ ಸ್ಪಿಂಡಲಿಗೆ ಹೋಗುತ್ತದೆ, ಬ್ಯಾಕ್ ಪ್ಲೇಟ್ ಗೊಡವೆಯಿಲ್ಲ. ಆದರೆ ಡ್ರಾಬಾರ್ ತೂತನ್ನು ಮುಚ್ಚಿಬಿಡುತ್ತದೆ, ಉದ್ದ ಸರಳು ಹಿಂದಕ್ಕೆ ಹೋಗುವುದಿಲ್ಲ. ನಿಮ್ಮ ಐವತ್ತು ನೂರರ ಕೆಲಸಕ್ಕೆ ಅದು ಬೇಡ. ಟ್ರೌಬ್ ಯಂತ್ರದ (ತಾನೇ ಸರಳು ತಿರುಗಿಸಿ ಕತ್ತರಿಸುವ ಲೇತು) ಕಾಲೆಟ್ ನಮ್ಮ ದೇಶದಲ್ಲಿ ಸಲೀಸಾಗಿ ಸಿಗುತ್ತವೆ, ಬಿಗಿಯುವಾಗ ಜಾಬ್ ಹಿಂದೆ ಸರಿಯುವುದಿಲ್ಲ ಎಂಬ ದೊಡ್ಡ ಗುಣ ಅವಕ್ಕಿದೆ. ಆದರೆ ಅದನ್ನು ಹಿಡಿಯುವ ವ್ಯವಸ್ಥೆ ನೀವೇ ಕಟ್ಟಬೇಕು. ಸಾವಿರಗಟ್ಟಲೆ ಮಾಲಿನ ಆರ್ಡರ್ ಇದ್ದವರಿಗೆ ಮಾತ್ರ ಆ ದಾರಿ.

ಬ್ಯಾಕ್ ಪ್ಲೇಟಿನ ಕೆಲಸದಲ್ಲೇ ಎಲ್ಲ ಇದೆ, ಅಲ್ಲಿ ಅವಸರ ಬೇಡ. ಮೊದಲು ಸ್ಪಿಂಡಲ್ ಮೂಗಿನ ನಕಲೊಂದನ್ನು ಟರ್ನ್ ಮಾಡಿಕೊಳ್ಳಿ: ಅದೇ ಥ್ರೆಡ್, ಅದೇ ನುಣುಪು ಭಾಗ, ಅದೇ ಭುಜ. ಬ್ಯಾಕ್ ಪ್ಲೇಟನ್ನು ನಾಲ್ಕು ಜಾ ಚಕ್ಕಿನಲ್ಲಿ ಹಿಡಿದು ಒಳಥ್ರೆಡ್ ತೆಗೆಯುವಾಗ ಮೂಗಿನ ಮೇಲೆ ಚಕ್ ಕುಳಿತಿರುತ್ತದೆ, ಪರೀಕ್ಷೆಗೆ ಮೂಗು ಸಿಗದು. ಆಗ ಈ ನಕಲೇ ಗೇಜು. ಥ್ರೆಡ್ ತುಸು ಸಡಿಲ ಇದ್ದರೂ ನಡೆಯುತ್ತದೆ. ಜಾಗ ಹಿಡಿಯುವುದು ನುಣುಪು ಭಾಗ ಮತ್ತು ಭುಜ, ಅಲ್ಲಿ ಸಡಿಲ ಕೂಡದು. ಬೀಡು ಕಬ್ಬಿಣದ ತಟ್ಟೆಯೇ ಒಳ್ಳೆಯದು. ಅದನ್ನು ನಿಮ್ಮ ಸ್ಪಿಂಡಲಿಗೇ ಏರಿಸಿ, ಮುಂದಿನ ಮುಖವನ್ನೂ ಚಕ್ ಕೂರುವ ಮೆಟ್ಟಿಲನ್ನೂ ಅಲ್ಲಿಯೇ ತಿರುಗಿಸಿ ಮುಗಿಸಿ. ಮೆಟ್ಟಿಲನ್ನು 0.2 ಮಿ.ಮೀ. ಸಣ್ಣ ಬಿಡುವುದು ನನಗೆ ಹಿಡಿಸುವ ಪದ್ಧತಿ. ಕಾಲೆಟ್ಟಿನಲ್ಲಿ ನೆಟ್ಟಗಿನ ಸರಳು ಹಿಡಿದು, ಡಯಲ್ ನೋಡುತ್ತ ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ನಡುವಿಗೆ ತಂದು ಬೋಲ್ಟ್ ಬಿಗಿಯಬಹುದು.

ಚಕ್ಕನ್ನೇ ಸ್ವಂತ ಮಾಡಿಕೊಳ್ಳುವ ಹುಮ್ಮಸ್ಸಿದ್ದರೆ ಇಆರ್ ಟೇಪರ್ ಒಂದು ಬಾಜು 8 ಡಿಗ್ರಿ. ಕಾಂಪೌಂಡಿನ (ಓರೆ ತಿರುಗಿಸಬಹುದಾದ ಟೂಲ್ ಸ್ಲೈಡಿನ) ಡಿಗ್ರಿ ಗೆರೆ ನಂಬಬೇಡಿ. ಸೆಂಟರುಗಳ ನಡುವೆ ನೆಟ್ಟಗಿನ ಸರಳು ಹಾಕಿ, ಟೂಲ್ ಪೋಸ್ಟಿನಲ್ಲಿ ಡಯಲ್ ಕಟ್ಟಿ, ಕಾಂಪೌಂಡನ್ನು 25 ಮಿ.ಮೀ. ಸರಿಸಿದಾಗ ಡಯಲ್ 3.48 ತೋರಿಸುವ ತನಕ ಹೊಂದಿಸಿ. ಇಆರ್ 40ರ ನಟ್ಟಿನ ಥ್ರೆಡ್ ಎಂ50 (50 ಮಿ.ಮೀ. ಮೆಟ್ರಿಕ್), ಪಿಚ್ 1.5. ನಿಮ್ಮ ಲೀಡ್ ಸ್ಕ್ರೂ (ಥ್ರೆಡ್ ತೆಗೆಯುವಾಗ ಟೂಲ್ ಸರಿಸುವ ತಿರುಪು) ಇಂಚಿನದಾದರೆ 127 ಹಲ್ಲಿನ ಗೇರ್ ಬೇಕಾಗುತ್ತದೆ, ಅದಿಲ್ಲದಿದ್ದರೆ ತಯಾರು ಚಕ್ಕೇ ತನ್ನಿ. ಥ್ರೆಡ್ಡಿಂಗ್, ಗ್ರೈಂಡಿಂಗಿನ ಅನುಮಾನವಿದ್ದರೆ ಕಲಬುರಗಿಯ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಕೇಳಿ ನೋಡಿ.

ಖರೀದಿಗೆ ಸಿಕಂದರಾಬಾದಿನ ರಾಣಿಗಂಜ್ ತನಕ ಹೋಗುವುದಾದರೆ ಪೂರ್ತಿ ಸೆಟ್ಟಿಗೆ ಮರುಳಾಗಬೇಡಿ. ನಿಮಗೆ ದಿನಾ ಬರುವ ನಾಲ್ಕೈದು ಅಳತೆಯ ಕಾಲೆಟ್ಟನ್ನು ಒಳ್ಳೆಯ ದರ್ಜೆಯಲ್ಲಿ ತಗೊಳ್ಳಿ, ಉಳಿದವನ್ನು ಕೆಲಸ ಬಂದ ಹಾಗೆ ತಂದರಾಯಿತು. ಬೇರಿಂಗ್ ಇರುವ ನಟ್ ಸಿಕ್ಕರೆ ಅದಕ್ಕೆ ಹೆಚ್ಚು ದುಡ್ಡು ಕೊಡಿ, ಇಆರ್ 40 ಬಿಗಿಯಲು ಬೇಕಾಗುವ ಕೈಬಲ ಬಹಳ. ಮೂರು ಜಾ ಚಕ್ಕನ್ನು ಮಾರಬೇಡಿ, ಕಪ್ಪು ರಾಡಿಗೆ ಅದು ಬೇಕೇ ಬೇಕು. ಮತ್ತು ನಿಮ್ಮದು ಥ್ರೆಡ್ ಮೂಗಿನ ಲೇತು ಎಂಬುದನ್ನು ಕೆಲಸಕ್ಕೆ ಬರುವ ಪ್ರತಿ ಹುಡುಗನಿಗೂ ಹೇಳಿ: ರಿವರ್ಸ್ ಹಾಕಿ ಕಟ್ ಕೊಟ್ಟರೆ ಅಥವಾ ಓಡುವಾಗ ಒಮ್ಮೆಲೇ ಬ್ರೇಕ್ ಹಿಡಿದರೆ ಕಾಲೆಟ್ ಚಕ್ ಬ್ಯಾಕ್ ಪ್ಲೇಟಿನ ಸಮೇತ ಬಿಚ್ಚಿಕೊಂಡು ಕೈಮೇಲೆ ಬೀಳಬಹುದು.