ಗೋಲ್ಡ್‌ಫಿಶ್‌ಗೆ ಮೊಡವೆ ಬಂದಾಗ

ಒಂದು ಫೆಬ್ರವರಿಯಲ್ಲಿ ನಮ್ಮ ಮನೆಯ ಗೋಲ್ಡ್‌ಫಿಶ್‌ಗೆ ಕೆನ್ನೆ ಮೇಲೆ ಬಿಳಿ ಚುಕ್ಕೆಗಳು ಎದ್ದವು. ಕೆನ್ನೆ ಅಂದರೆ ಕಿವಿರಿನ ಮುಚ್ಚಳ. ಫೋಟೋ ತೆಗೆದುಕೊಂಡು ಮೀನಿನ ಅಂಗಡಿಗೆ ಓಡಿದೆ. ಅಂಗಡಿಯವರು ಫೋನಿನ ಕಡೆ ಒಂದು ಸಲ ಕಣ್ಣು ಹಾಯಿಸಿ, “ಇಕ್ ಬಂದಿದೆ ಸಾರ್, ಇದನ್ನ ಹಾಕಿ” ಅಂತ ಒಂದು ನೀಲಿ ಬಾಟಲಿ ಕೊಟ್ಟರು. ಇಕ್ ಅಂದರೆ ಮೀನಿಗೆ ಬರುವ ಬಿಳಿ ಚುಕ್ಕೆ ರೋಗ. ತಂದು ಹಾಕಿದೆ. ಟ್ಯಾಂಕು ಇಂಕು ಕದಡಿದ ಹಾಗಾಯಿತು. ನಾಲ್ಕನೇ ದಿನ ನೋಡಿದರೆ ಚುಕ್ಕೆ ಒಂದೂ ಹೋಗಿಲ್ಲ. ಅದುವರೆಗೆ ಆರಾಮವಾಗಿದ್ದ ಮೂರೂ ಮೀನುಗಳು ಮಾತ್ರ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಆ ಮೀನಿಗೆ ರೋಗವೇ ಇರಲಿಲ್ಲ. ಅದು ಗಂಡು, ವಯಸ್ಸಿಗೆ ಬಂದಿತ್ತು, ಅಷ್ಟೇ.

ಮೊಟ್ಟೆಯಿಡುವ ಕಾಲ ಹತ್ತಿರವಾದಾಗ ಗಂಡು ಗೋಲ್ಡ್‌ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಪಕ್ಕದ ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಸಣ್ಣ ಗಟ್ಟಿ ಗಂಟುಗಳು ಏಳುತ್ತವೆ. ಹೆಣ್ಣಿನ ಹಿಂದೆ ಬಿದ್ದು ಅದರ ಹೊಟ್ಟೆಯನ್ನು ಒತ್ತಿ ಉಜ್ಜುವಾಗ ಅವು ಕೆಲಸಕ್ಕೆ ಬರುತ್ತವೆ. ಸರಿಯಾಗಿ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ರೆಕ್ಕೆಯ ಅಂಚಿನಲ್ಲಿ ಆ ಗಂಟುಗಳು ಮಣಿ ಪೋಣಿಸಿದ ಹಾಗೆ ಸಾಲಾಗಿರುತ್ತವೆ, ಎಡಕ್ಕೂ ಬಲಕ್ಕೂ ಒಂದೇ ಥರ. ಬಾಲದ ಮೇಲೆ, ಬೆನ್ನಿನ ಮೇಲೆ ಏನೂ ಇರುವುದಿಲ್ಲ. ಮೀನು ತಿನ್ನುತ್ತಿರುತ್ತದೆ, ಓಡಾಡುತ್ತಿರುತ್ತದೆ, ಜಾಸ್ತಿಯೇ ಓಡಾಡುತ್ತಿರುತ್ತದೆ. ರೋಗದ ಚುಕ್ಕೆಗೆ ಸಾಲೂ ಗೊತ್ತಿಲ್ಲ, ಎಡಬಲವೂ ಗೊತ್ತಿಲ್ಲ.

ಹಾಗಾದರೆ ಚೆನ್ನಾಗಿದ್ದ ಮೀನುಗಳಿಗೆ ಉಸಿರು ಕಟ್ಟಿದ್ದು ಯಾಕೆ? ನಾನು ಹಾಕಿದ ಔಷಧಿಯಿಂದ. ಮೀನು ತನ್ನ ಮೈಯ ಅಮೋನಿಯಾವನ್ನು ಹೆಚ್ಚಾಗಿ ಕಿವಿರಿನ ಮೂಲಕವೇ ಹೊರಗೆ ಬಿಡುತ್ತದೆ. ಟ್ಯಾಂಕಿನ ಫಿಲ್ಟರ್ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಕೊನೆಯದು ಅಷ್ಟು ಕೆಟ್ಟದ್ದಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀಲಿ ಬಾಟಲಿಯಲ್ಲಿದ್ದ ಮೆಥಿಲಿನ್ ಬ್ಲೂ ಅವನ್ನು ನಾಲ್ಕು ದಿನದಲ್ಲಿ ಮುಗಿಸಿತ್ತು. ಆಮೇಲೆ ಟೆಸ್ಟ್ ಕಿಟ್ ತಂದು ನೋಡಿದರೆ ಹಳದಿ ಇರಬೇಕಾದ ಟ್ಯೂಬು ಕಡು ಹಸಿರು. ಕಿಟ್ಟನ್ನು ಮೊದಲೇ ತರಬೇಕಿತ್ತು ಅನ್ನುವುದು ಬೇರೆ ಮಾತು.

ಬೋರ್‌ವೆಲ್ ನೀರು ಹಾಕುವವರು ಇಲ್ಲೊಂದು ವಿಷಯ ಗಮನಿಸಬೇಕು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಇನ್ನೊಂದು ನೇರ ಕಿವಿರನ್ನೇ ಸುಡುತ್ತದೆ. ಯಾವುದು ಎಷ್ಟು ಅನ್ನುವುದನ್ನು ಮುಖ್ಯವಾಗಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ತೀರ್ಮಾನಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಇದು ಹೆಚ್ಚಿರುವುದುಂಟು. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಸ್ನೇಹಿತರ ಮನೆಯಲ್ಲಿ ಅಷ್ಟೇ ಅಮೋನಿಯಾ ಇದ್ದೂ ಮೀನು ಚೆನ್ನಾಗಿದೆ, ನಮ್ಮಲ್ಲಿ ಸಾಯುತ್ತಿದೆ ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ ಮೂರನ್ನೂ ಉಳಿಸಿಕೊಂಡೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣವನ್ನು ಮರೆಯದೆ ಹಾಕಿದೆ. ಎರಡು ವಾರವಾದ ಮೇಲೆ ಒಂದರ ರೆಕ್ಕೆಯಂಚಿನಲ್ಲಿ ಮಸಿ ಬಳಿದ ಹಾಗೆ ಕಪ್ಪು ಕಲೆಗಳು. ಅಯ್ಯೋ, ಮತ್ತೇನು ಬಂತಪ್ಪಾ ಅಂದುಕೊಂಡೆ. ಗೋಲ್ಡ್‌ಫಿಶ್‌ನಲ್ಲಿ ಅಮೋನಿಯಾ ಸುಟ್ಟಂಥ ಗಾಯ ಮಾಯುವ ಜಾಗಕ್ಕೆ ಕಪ್ಪು ಬಣ್ಣದ ಕೋಶಗಳು ಬಂದು ಸೇರಿಕೊಳ್ಳುತ್ತವೆ. ಅದು ವಾಸಿಯಾಗುತ್ತಿರುವ ಗುರುತು. ಈ ಸಲ ಅಂಗಡಿಗೆ ಓಡಲಿಲ್ಲ.

ನಿಜವಾದ ಇಕ್ ನೋಡಿದ್ದು ಮರುವರ್ಷ ಡಿಸೆಂಬರಿನಲ್ಲಿ, ಇನ್ನೊಂದು ಟ್ಯಾಂಕಿನಲ್ಲಿ. ನಾಲ್ಕು ಕರಿ ಮೋಲಿ ತಂದು ನೇರವಾಗಿ ಹಳೆಯ ಮೀನುಗಳ ಜೊತೆ ಬಿಟ್ಟಿದ್ದೆ. ಬೆಂಗಳೂರಿನ ಚಳಿ, ಹೀಟರ್ ಕೆಟ್ಟಿತ್ತು. ಮೂರನೇ ದಿನ ಒಂದು ಮೋಲಿ ಕೆಳಗಿನ ಕಲ್ಲಿಗೆ ಪಕ್ಕೆ ಉಜ್ಜಿ ಸರ್ರನೆ ತಿರುಗಿತು. ಸ್ವಲ್ಪ ಹೊತ್ತಿಗೆ ಮತ್ತೆ. ಆಗ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಈ ಜೀವಿ ಎಷ್ಟೋ ಸಲ ಮೊದಲು ಸೇರುವುದು ಕಿವಿರಿನೊಳಗೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಎರಡು ದಿನ ಬಿಟ್ಟು ನೋಡಿದರೆ ಕಪ್ಪು ಮೈಮೇಲೆ ಚಿರೋಟಿ ರವೆ ಉದುರಿಸಿದ ಹಾಗಿತ್ತು.

ಇಕ್ ಅನ್ನುವುದು ಅಡ್ಡಹೆಸರು. ಪೂರ್ತಿ ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್. 1876ರಲ್ಲಿ ಫ್ರಾನ್ಸಿನ ಫೂಕೆ ಅನ್ನುವವರು ಇಟ್ಟ ಹೆಸರು ಇದು. ಅರ್ಥ ಮೀನಿನ ಹೇನು, ಅದೂ ಮಕ್ಕಳೊಂದಿಗ. ಹೇನು ಅಲ್ಲ, ಒಂದೇ ಕೋಶದ ಜೀವಿ. ಆದರೆ ಮಕ್ಕಳೊಂದಿಗ ಅನ್ನುವುದು ನೂರಕ್ಕೆ ನೂರು ನಿಜ. ನಮಗೆ ಕಾಣುವ ಬಿಳಿ ಚುಕ್ಕೆ ಚರ್ಮದ ಮೇಲ್ಪದರದ ಕೆಳಗೆ ಕೂತು, ಗಿರಗಿರನೆ ತಿರುಗುತ್ತಾ, ಮೀನಿನ ಕೋಶಗಳನ್ನು ತಿಂದು ದಪ್ಪಗಾಗುತ್ತಿರುವ ಜೀವಿ. 25 ಡಿಗ್ರಿಯ ಆಸುಪಾಸಿನಲ್ಲಿ ಕೆಲವೇ ದಿನಕ್ಕೆ ಅದು ಬಲಿಯುತ್ತದೆ, ಮೀನಿನಿಂದ ಕಳಚಿಕೊಂಡು ಕೆಳಗೆ ಕಲ್ಲಿಗೋ ಗಿಡಕ್ಕೋ ಅಂಟಿಕೊಳ್ಳುತ್ತದೆ, ಸುತ್ತ ಲೋಳೆಯ ಗೂಡು ಕಟ್ಟುತ್ತದೆ. ಒಳಗೆ ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗಿ ಒಂದು ದಿನದೊಳಗೆ ನೂರಾರು ಮರಿಯಾಗುತ್ತದೆ. ಗೂಡು ಒಡೆದು ಹೊರಬಂದ ಮರಿಗಳು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ.

ಎಲ್ಲರೂ ಎಡವುವುದು ಇಲ್ಲೇ. ಔಷಧಿ ಹಾಕಿದ ಮೂರನೆಯ ದಿನ ಚುಕ್ಕೆಗಳು ಮಾಯವಾಗುತ್ತವೆ. ಮೀನು ಗುಣವಾಯಿತು ಅಂತ ನಾವು ಔಷಧಿ ನಿಲ್ಲಿಸುತ್ತೇವೆ. ನಾವು ಏನೂ ಹಾಕದಿದ್ದರೂ ಆ ಚುಕ್ಕೆಗಳು ಉದುರುತ್ತಿದ್ದವು, ಅಲ್ವಾ? ಚರ್ಮದೊಳಗಿರುವಾಗ ಸಾಮಾನ್ಯ ಔಷಧಿ ಅದನ್ನು ಮುಟ್ಟುವುದಿಲ್ಲ, ಗೂಡಿನೊಳಗೆ ಇರುವಾಗಲೂ ಮುಟ್ಟುವುದಿಲ್ಲ. ಸಾಯಿಸಲು ಸಿಗುವುದು ಮರಿಗಳು ನೀರಿನಲ್ಲಿ ಈಜುವ ಆ ಒಂದೆರಡು ದಿನ ಮಾತ್ರ. ಚುಕ್ಕೆ ಕಾಣದಾದ ಹೊತ್ತಿಗೆ ಟ್ಯಾಂಕಿನ ತಳದಲ್ಲಿ ಒಂದೊಂದು ಚುಕ್ಕೆಯೂ ನೂರಾರಾಗುತ್ತಿರುತ್ತದೆ. ಅದಕ್ಕೇ ಚುಕ್ಕೆ ಹೋದ ಮೇಲೂ ಒಂದು ವಾರವಾದರೂ ಔಷಧಿ ಮುಂದುವರಿಸಬೇಕು, ತಳದ ಕಲ್ಲಿನ ಕಸ ಎಳೆದು ತೆಗೆಯುತ್ತಿರಬೇಕು. ನೀರನ್ನು ನಿಧಾನವಾಗಿ 29-30 ಡಿಗ್ರಿಗೆ ಏರಿಸಿದರೆ ಇದರ ಚಕ್ರ ಬೇಗ ಬೇಗ ತಿರುಗಿ ಮರಿಗಳು ಬೇಗ ಕೈಗೆ ಸಿಗುತ್ತವೆ. ಆದರೆ ಗೋಲ್ಡ್‌ಫಿಶ್‌ನಂಥ ತಣ್ಣೀರಿನ ಮೀನಿಗೆ ಇದು ಬೇಡ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ, 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ. ಏರ್ ಪಂಪ್ ಹಗಲೂ ರಾತ್ರಿ ಓಡಲೇಬೇಕು.

ನಾನು ಮೋಲಿಗಳಿಗೆ ಉಪ್ಪನ್ನೇ ಬಳಸಿದೆ. ಅಯೋಡಿನ್ ಇಲ್ಲದ ಕಲ್ಲುಪ್ಪು, ಲೀಟರಿಗೆ 2 ಗ್ರಾಂ. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 28 ಅಂದರೆ ಸುಮಾರು 50 ಲೀಟರ್, ಅಂದರೆ 100 ಗ್ರಾಂ ಉಪ್ಪು. ಒಂದೇ ಸಲ ಸುರಿಯದೆ, ಬೇರೆ ನೀರಿನಲ್ಲಿ ಕರಗಿಸಿ ಎರಡು ದಿನದಲ್ಲಿ ಹಂಚಿ ಹಾಕಿದೆ. ಮೋಲಿ ಉಪ್ಪುನೀರನ್ನೂ ತಡೆಯುವ ಜಾತಿ. ಗಿಡಗಳಿಗೆ ಮಾತ್ರ ಆಗಿಬರಲಿಲ್ಲ, ಅರ್ಧ ಕೊಳೆತವು.

ಎಲ್ಲ ಪುಡಿಯೂ ಇಕ್ ಅಲ್ಲ. ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟಾಗ ಮೈಮೇಲೆ ಅರಿಶಿನದ ಪುಡಿ ಉದುರಿಸಿದ ಹಾಗೆ ಹೊಳೆದರೆ ಅದು ವೆಲ್ವೆಟ್ ಅನ್ನುವ ಇನ್ನೊಂದು ರೋಗ, ಇಕ್‌ಗಿಂತ ಬೇಗ ಕೊಲ್ಲುತ್ತದೆ. ಬಾಯಿಯ ಸುತ್ತ ಹತ್ತಿಯಂಥದ್ದು ಕಂಡರೆ ಬೂಷ್ಟು ಅಂತ ಸುಮ್ನೆ ಅಂದುಕೊಳ್ಳಬೇಡಿ, ಬಹಳ ಸಲ ಅದು ಬ್ಯಾಕ್ಟೀರಿಯಾ, ಬೂಷ್ಟಿನ ಔಷಧಿಗೆ ಬಗ್ಗುವುದಿಲ್ಲ. ಹೊಟ್ಟೆ ಊದಿ ಹುರುಪೆಗಳೆಲ್ಲ ಎದ್ದು ನಿಂತಿದ್ದರೆ ಮೂತ್ರಪಿಂಡ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಆ ಹಂತದಲ್ಲಿ ಉಳಿಯುವುದು ಅಪರೂಪ.

ಚುಕ್ಕೆಗಿಂತ ಮುಂಚೆ ನಡತೆ ಬದಲಾಗುತ್ತದೆ. ಗಾಬರಿಯಾದರೆ, ನೀರು ಕೆಟ್ಟರೆ, ದೊಡ್ಡ ಮೀನು ಅಟ್ಟಿಸಿದರೆ ಮೀನಿನ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ನಮ್ಮಲ್ಲಿ ಏರುವುದೂ ಇದೇ ಹಾರ್ಮೋನು. ಗಳಿಗೆ ಎರಡು ಗಳಿಗೆಗೆ ಅದರಿಂದ ಉಪಕಾರವೇ. ವಾರಗಟ್ಟಲೆ ಏರಿಯೇ ಇದ್ದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಆಗ ಮೀನು ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿಯುತ್ತದೆ, ಬಣ್ಣ ಮಾಸುತ್ತದೆ, ಊಟ ಬಿಡುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಕಿವಿರಿನ ಎಣಿಕೆಯಲ್ಲಿ. ಮೀನು ಆರೋಗ್ಯವಾಗಿರುವಾಗಲೇ 15 ಸೆಕೆಂಡು ಕಿವಿರು ಎಷ್ಟು ಸಲ ಬಡಿಯಿತು ಎಣಿಸಿ ನಾಲ್ಕರಿಂದ ಗುಣಿಸಿ ಬರೆದಿಟ್ಟಿರುತ್ತೇನೆ. ಅನುಮಾನ ಬಂದಾಗ ಮತ್ತೆ ಎಣಿಸುತ್ತೇನೆ. ಸಂಖ್ಯೆ ತುಂಬಾ ಏರಿದ್ದರೆ ಮೊದಲು ನೀರಿನ ಪರೀಕ್ಷೆ, ಔಷಧಿಯ ಮಾತು ಆಮೇಲೆ. ರಾತ್ರಿ ಎದ್ದು ದೀಪ ಹಾಕಿ ನಿಯಾನ್ ಟೆಟ್ರಾದ ಬಣ್ಣವೇ ಹೋಗಿದೆ ಅಂತ ಗಾಬರಿಯಾಗುವವರಿಗೆ ಒಂದು ಮಾತು: ಕತ್ತಲಲ್ಲಿ ಅದು ಬಣ್ಣ ಕಳೆದುಕೊಳ್ಳುವುದು ಸಹಜ, ಬೆಳಗಾದರೆ ವಾಪಸ್ ಬರುತ್ತದೆ.

ಮೋಲಿಗಳಲ್ಲಿ ಮೂರು ಉಳಿದವು. ಈಗ ಹೊಸ ಮೀನು ಬಂದರೆ ನಾಲ್ಕು ವಾರ ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ, ಪ್ಲಾಸ್ಟಿಕ್ ಟಬ್ಬಿನಲ್ಲಿ, ಒಂದು ಸ್ಪಂಜ್ ಫಿಲ್ಟರ್ ಜೊತೆ ಇರುತ್ತದೆ. ಅದರ ಬಲೆ ಬೇರೆ, ಪೈಪ್ ಬೇರೆ. ಸದ್ಯ ಅಲ್ಲಿ ಆರು ಟೆಟ್ರಾ ಇವೆ. ಇವತ್ತು ಬೆಳಗ್ಗೆ ಅಮ್ಮ ಮಿಕ್ಸಿ ಇಡಲು ಜಾಗ ಸಾಲದೆ ಕೇಳಿದರು, “ಈ ಟಬ್ಬು ಇಲ್ಲಿಂದ ಯಾವಾಗಪ್ಪಾ ಎತ್ತೋದು?”

“ಇನ್ನು ಒಂಬತ್ತು ದಿನ ಅಮ್ಮ.”