ಸಿ8ರ ಬಿಷಪ್ ಮಲಗಿಲ್ಲ: ಕಿಂಗ್ಸ್ ಇಂಡಿಯನ್, ಮಾರ್ ದೆಲ್ ಪ್ಲಾಟಾ

ಚೆಸ್‌ನಲ್ಲಿ ಕಪ್ಪು ಕಾಯಿ ಬಂದರೆ ಡ್ರಾ ಸಾಕು ಅನ್ನುವವರಿಗೆ ಕಿಂಗ್ಸ್ ಇಂಡಿಯನ್ ಎಂಬ ಈ ಓಪನಿಂಗ್ (ಆಟ ಶುರು ಮಾಡುವ ಬಗೆ) ಅಲ್ಲ. ಇಲ್ಲಿ ನಾವು ಎಂದರೆ ಕಪ್ಪು; ಸಿ8, ಡಿ5 ಎಂಬುವು ಬೋರ್ಡಿನ ಮನೆಗಳ ಹೆಸರು. ಮೊದಲ ಏಳು ನಡೆ ನಿಮಗೆ ಗೊತ್ತಿದೆ ಎಂದುಕೊಳ್ಳುತ್ತೇನೆ. ಬಿಳಿ ತನ್ನ ಪಾನ್ (ಪದಾತಿ) ಡಿ5ಕ್ಕೆ ತಳ್ಳಿದ ಕೂಡಲೇ ನಮ್ಮ ಸಿ6ರ ಕುದುರೆ ಇ7ಕ್ಕೆ ಸರಿಯುತ್ತದೆ. ಅಲ್ಲಿಗೆ ಬೋರ್ಡಿನ ನಡುಭಾಗಕ್ಕೆ ಬೀಗ ಬಿತ್ತು. ಇನ್ನು ಬಿಳಿ ಸಿ5ಕ್ಕೆ ಪಾನ್ ತಳ್ಳಿ ರಾಣಿಯ ಕಡೆಯಿಂದ ಬರುತ್ತದೆ, ನಾವು ರಾಜನ ಕಡೆ ನುಗ್ಗುತ್ತೇವೆ. 1953ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ಗ್ರ್ಯಾಂಡ್‌ಮಾಸ್ಟರ್ ನೈಡಾರ್ಫ್ ಎದುರು ಗ್ರ್ಯಾಂಡ್‌ಮಾಸ್ಟರ್ ಗ್ಲಿಗೊರಿಚ್ ಕಪ್ಪು ಕಾಯಿಯಲ್ಲಿ ಗೆದ್ದರು. ಈ ಸಾಲಿಗೆ ಮಾರ್ ದೆಲ್ ಪ್ಲಾಟಾ ಎಂಬ ಹೆಸರು ಬಂದಿದ್ದು ಅಲ್ಲಿಂದ.

ಮುಖ್ಯ ಸಾಲಿನಲ್ಲಿ 12 ನಡೆ ಮುಗಿಯುವಾಗ ನಮ್ಮ ಪಾನ್‌ಗಳು ಎಫ್4, ಜಿ5ರಲ್ಲಿರುತ್ತವೆ. ಎಲ್ಲರ ಕಣ್ಣೂ ಆ ಪಾನ್‌ಗಳ ಮೇಲೆ. ಸಿ8ರಲ್ಲಿ ಕದಲದೆ ಕೂತಿರುವ ಬಿಷಪ್ಪನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. "ಸುಮ್ನೆ ಕೂತಿದೆಯಲ್ಲ, ಬದಲಾಯಿಸಿಬಿಡೋಣ" ಎಂದು ಒಂದು ಆಟದಲ್ಲಿ ಅದನ್ನು ಕುದುರೆಗೆ ಕೊಟ್ಟೆ. ಆಮೇಲೆ ಜಿ4 ತಳ್ಳಲು ಬಲವೇ ಇರಲಿಲ್ಲ. ಎದುರಾಳಿ ಎಚ್3 ಇಟ್ಟು ಆರಾಮಾಗಿ ಸಿ ಸಾಲಿನಲ್ಲಿ ಒಳಗೆ ಬಂದರು.

ಆ ಬಿಷಪ್ ಕೂತಲ್ಲಿಂದಲೇ ಜಿ4 ಮತ್ತು ಎಚ್3 ಎರಡನ್ನೂ ಕಾಯುತ್ತದೆ. ಜಿ4 ತಳ್ಳುವಾಗ ಬೆನ್ನಿಗೆ ನಿಲ್ಲುತ್ತದೆ. ಬಿಳಿ ಎಚ್3 ಆಡಿ ತಡೆದರೆ, ಹೊತ್ತು ನೋಡಿ ಅಲ್ಲೇ ಬಲಿಯಾಗಿ ರಾಜನ ಗೋಡೆ ಒಡೆಯುತ್ತದೆ. ಇದು ಬಿಳಿಗೂ ಚೆನ್ನಾಗಿ ಗೊತ್ತು. 13ನೇ ನಡೆಗೆ ಕುದುರೆ ಬಿ5 ಎಂಬ ಸಾಲನ್ನೇ ನೋಡಿ. ಬಿ5, ಎ7, ಸಿ8: ಮೂರು ನಡೆ ಖರ್ಚು ಮಾಡಿಯಾದರೂ ಆ ಒಂದು ಬಿಷಪ್ಪನ್ನು ಹೊಡೆಯಬೇಕು ಎಂಬ ಹಟ. ಇಷ್ಟೊಂದು ನಡೆ ಸುಮ್ನೆ ಯಾರು ಕೊಡ್ತಾರೆ, ಅಲ್ವಾ?

ಇನ್ನೊಂದು ವಿಷಯ. ದಾಳಿ ಎಂದರೆ ಬರೀ ಪಾನ್ ತಳ್ಳುವುದಲ್ಲ. ಆನೆ ಎಫ್7ಕ್ಕೆ ಏರಿದರೆ ಸಿ7 ಕಾಯುತ್ತದೆ, ಆಮೇಲೆ ಜಿ7ಕ್ಕೆ ದಾಟುತ್ತದೆ. ಅದಕ್ಕೆ ಜಾಗ ಬಿಟ್ಟು ಜಿ7ರ ಬಿಷಪ್ ಎಫ್8ಕ್ಕೆ ಹೋಗಿ ಡಿ6 ಹಿಡಿಯುತ್ತದೆ. ಹಿಂದೆ ಸರಿದಂತೆ ಕಾಣುವ ಇವೇ ನಮ್ಮ ಒಳ್ಳೆಯ ನಡೆಗಳು.

1989ರಲ್ಲಿ ಟಿಲ್ಬರ್ಗ್‌ನಲ್ಲಿ ಕಾಸ್ಪರೋವ್ ಕಪ್ಪು ಕಾಯಿಯಲ್ಲಿ ಡಚ್ ಆಟಗಾರ ಪೀಕೆಟ್ ಎದುರು ಆಡಿದ ಆಟವನ್ನು ಬೋರ್ಡ್ ಹಾಕಿಕೊಂಡು ನೋಡಲೇಬೇಕು. 20ನೇ ನಡೆಗೆ ಬಿಳಿ ಕುದುರೆ ಸಿ7ಕ್ಕೆ ಬಂದು ಎ8ರ ಆನೆಗೆ ಕೈ ಹಾಕಿತು. ಕಾಸ್ಪರೋವ್ ಅತ್ತ ತಿರುಗಿಯೂ ನೋಡದೆ ಜಿ3 ತಳ್ಳಿದರು. ಆನೆ ಹೋಯಿತು. ಬದಲಿಗೆ ಎಫ್2ರ ಬಿಷಪ್ಪನ್ನು ಆಗಲೇ ಹೊಡೆಯಬಹುದಿತ್ತು, ಅದನ್ನೂ ಬಿಟ್ಟು ಮೊದಲು ಕುದುರೆಯನ್ನು ಎಚ್5ಕ್ಕೆ ತಂದರು! 28ನೇ ನಡೆಗೆ ಆ ಕುದುರೆ ಎಚ್1ರ ಮೂಲೆಗೆ ಹೋಯಿತು. ಅದನ್ನು ರಾಜ ಹೊಡೆದರೆ ಎ7ರ ರಾಣಿ ಎಫ್2ರ ಆನೆಯನ್ನು ಹೊಡೆಯುತ್ತದೆ. ಪೀಕೆಟ್ ಅಲ್ಲೇ ಸೋಲೊಪ್ಪಿದರು. ಸಿ8ರ ಆ ಬಿಷಪ್ ಅಷ್ಟರಲ್ಲಿ ಡಿ7ಕ್ಕೆ ಬಂದಿತ್ತು, ಆದರೆ ಕೊನೆವರೆಗೂ ಬೋರ್ಡ್ ಮೇಲೇ ಇತ್ತು.

ಬಿಳಿ 9ನೇ ನಡೆಗೇ ಬಿ4 ಆಡಿದರೆ ಲೆಕ್ಕ ಬೇರೆ. ಆ ಸಾಲಿನ ಹೆಸರು ಬೇಯೊನೆಟ್. 1997ರಲ್ಲಿ ನೊವ್ಗೊರೊದ್‌ನಲ್ಲಿ ಕ್ರಾಮ್ನಿಕ್ ಇದರಿಂದಲೇ ಕಾಸ್ಪರೋವ್ ಅವರನ್ನು ಸೋಲಿಸಿದರು. ಬೇಯೊನೆಟ್‌ಗೆ ಉತ್ತರವಾಗಿ ನಾನು ಸದ್ಯ ಕುದುರೆ ಎಚ್5 ಆಡಿ, ಎಫ್4ರ ಮೇಲೆ ಕಣ್ಣಿಟ್ಟು ನೋಡುತ್ತಿದ್ದೇನೆ.